ಎಡಿನ್‌ಬರಾದ ಪರೀಕ್ಷೆಗೆ ಹೋದ ಸವಣೂರಿನ ಹಲ್ಲಿನ ಡಾಕ್ಟರು

ಕಬಕ

ಹಲ್ಲು ಕೀಳಿಸಿಕೊಳ್ಳಲು ಬಂದವರು ಕುರ್ಚಿಯ ಕೈಗಳನ್ನು ಹೇಗೆ ಹಿಡಿದುಕೊಳ್ಳುತ್ತಾರೆ ಎಂದು ದಿನವೂ ನೋಡುವವಳು ನಾನು. ಮರದ ತುದಿಗೆ ಹೋಗಿ ಅಡಿಕೆ ಕೊಯ್ಯುವ ಗಂಡಸರು ಕೂಡ ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಹಿಡಿಯುತ್ತಾರೆ. "ಹೆದರ್ಬೇಡಿ, ಎಂತ ಆಗುದಿಲ್ಲ" ಎಂದು ಹೇಳಿ ಹೇಳಿ ನನಗೆ ಆ ಮಾತಿನ ಅರ್ಥವೇ ಮರೆತುಹೋಗಿತ್ತು. ಕಳೆದ ಚಳಿಗಾಲದಲ್ಲಿ ಸ್ಕಾಟ್ಲೆಂಡಿಗೆ ಹೊರಟ ದಿನ, ಕಬಕದ ನಮ್ಮ ಮನೆಯ ಮುಂದಿನ ಸಿಟೌಟಿನಲ್ಲಿ ಕಾರಿಗೆ ಕಾಯುತ್ತಾ ಕುಳಿತಿದ್ದಾಗ ನೋಡಿಕೊಂಡೆ. ನನ್ನ ಎರಡೂ ಕೈಗಳು ಪ್ಲಾಸ್ಟಿಕ್ ಕುರ್ಚಿಯನ್ನು ಅದೇ ರೀತಿ ಹಿಡಿದಿದ್ದವು.

ನನ್ನ ಕ್ಲಿನಿಕ್ ಇರುವುದು ಪುತ್ತೂರಿನ ಬಳಿಯ ಸವಣೂರು ಪೇಟೆಯಲ್ಲಿ. ಒಂದು ಕೋಣೆ, ಒಂದು ಕುರ್ಚಿ, ಹೊರಗೆ ಒಂದು ಬೆಂಚು. ಕಾಲೇಜು ಮುಗಿಸಿದ ಮೇಲೆ ಅಲ್ಲಿ ಒಬ್ಬಳೇ ಕೆಲಸ ಮಾಡುತ್ತಿದ್ದೇನೆ. ಒಂದು ದಿನ ನಿವೃತ್ತ ಮಾಸ್ಟ್ರೊಬ್ಬರು ಬಾಯಿ ತೊಳೆದುಕೊಂಡು ಕುಳಿತು, ಯಾವ ದುರುದ್ದೇಶವೂ ಇಲ್ಲದೆ ಕೇಳಿದರು: "ಮಕ್ಕಳು ಬರೆದದ್ದನ್ನು ನಾನು ತಿದ್ದುತ್ತಿದ್ದೆ. ನನ್ನ ಪಾಠ ನೋಡ್ಲಿಕ್ಕೆ ಇನ್‌ಸ್ಪೆಕ್ಟ್ರು ಬರ್ತಿದ್ರು. ನೀವು ಮಾಡುದು ಸರಿ ಉಂಟಾ ಅಂತ ಯಾರು ನೋಡುದು ಡಾಕ್ಟ್ರೆ?"

ನಾನು ನಕ್ಕೆ. ಆದರೆ ಯಾರೂ ನೋಡಿರಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಕೈಯ ಕೆಲಸವನ್ನು ಇನ್ನೊಬ್ಬ ಹಲ್ಲಿನ ಡಾಕ್ಟರು ಪಕ್ಕದಲ್ಲಿ ನಿಂತು ಒಮ್ಮೆಯೂ ನೋಡಿರಲಿಲ್ಲ.

ನನ್ನಂಥ ಸಾಮಾನ್ಯ ದಂತವೈದ್ಯರಿಗೆಂದೇ ಹೊರದೇಶದ ಒಂದು ಹಳೆಯ ಸಂಸ್ಥೆ ಮೇಲ್ಮಟ್ಟದ ಪರೀಕ್ಷೆ ನಡೆಸುತ್ತದೆ. ಮೊದಲ ಭಾಗ ಬರವಣಿಗೆ, ಅದನ್ನು ಇಲ್ಲೇ ಮುಗಿಸಿದ್ದೆ. ಎರಡನೆಯದು ಅವರ ಕಣ್ಣೆದುರು ಮಾಡಿ ತೋರಿಸುವುದು. ಅದಕ್ಕೆ ಎಡಿನ್‌ಬರಾಕ್ಕೆ ಹೋಗಬೇಕು. ಫೇಲಾಗುವ ಹೆದರಿಕೆ ನನಗೆ ಅಷ್ಟಿರಲಿಲ್ಲ. ಪರೀಕ್ಷಕರು ಒಬ್ಬ ವೈದ್ಯರನ್ನು 'ರೋಗಿಗೆ ಅಪಾಯಕಾರಿ' ಎಂದು ತೀರ್ಮಾನಿಸಿದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ ಎಂದು ಓದಿದ್ದೆ. ಹಾಗೇನಾದರೂ ಅನ್ನಿಸಿಕೊಂಡು ಬಂದರೆ ಮರುದಿನ ಬೆಳಿಗ್ಗೆ ಸವಣೂರಿನ ಶಟರ್ ಎತ್ತುವುದು ಹೇಗೆ?

ನನ್ನ ಗಂಡ ಹಮೀದ್‌ಗೆ ಪುತ್ತೂರಿನಲ್ಲಿ ಟೈಲ್ಸ್ ಅಂಗಡಿ. ಪರೀಕ್ಷೆಯಲ್ಲಿ ರೋಗಿಯ ಪಾತ್ರ ಮಾಡುವ ನಟರು ಇರುತ್ತಾರೆ, ಅವರೊಂದಿಗೆ ಮಾತಾಡುವುದಕ್ಕೂ ಅಂಕ ಉಂಟು ಎಂದು ಹೇಳಿ ಗಂಡನನ್ನೇ ರೋಗಿಯಾಗಿ ಕೂರಿಸಿದ್ದೆ.

"ನೋವು ಎಲ್ಲಿ?"

"ಎಲ್ಲ ಕಡೆ."

"ಯಾವಾಗಿನಿಂದ?"

"ನಿನ್ನನ್ನು ಮದುವೆ ಆದ ಮೇಲೆ."

ಅಲ್ಲಿಗೆ ತಾಲೀಮು ಮುಗಿಯಿತು. ಹೊರಡುವಾಗ ನನ್ನನ್ನು ಹೆತ್ತ ಉಮ್ಮ ತಲೆಯ ಮೇಲೆ ಕೈಯಿಟ್ಟು ದುಆ ಓದಿ ಊದಿದರು. "ಓದುವ ಪ್ರಾಯದಲ್ಲಿ ಓದಿ ಆಗಿದೆಯಲ್ಲ, ಇನ್ನು ಎಂತಕ್ಕೆ?" ಎಂದು ಕೇಳುವುದನ್ನೂ ಬಿಡಲಿಲ್ಲ.

ನಡುದಾರಿಯ ಏರ್‌ಪೋರ್ಟು

ಅಷ್ಟು ದೂರ ಒಬ್ಬಳೇ ಹೋದದ್ದು ಅದೇ ಮೊದಲು. ವಿಮಾನ ಬದಲಿಸುವ ಊರಿನಲ್ಲಿ ಕೈಚೀಲ ಯಂತ್ರದೊಳಗೆ ಹೋಗಿ ನಿಂತೇಬಿಟ್ಟಿತು. ಯಂತ್ರದ ಹಿಂದೆ ಕುಳಿತ ಹುಡುಗಿ ಪರದೆಯನ್ನು ದಿಟ್ಟಿಸಿ ಇನ್ನೊಬ್ಬಳನ್ನು ಕರೆದಳು. ಇಬ್ಬರೂ ನನ್ನ ಮುಖ ನೋಡಿದರು. ತಲೆಗೆ ಬಟ್ಟೆ ಸುತ್ತಿದ ಹೆಂಗಸಿನ ಚೀಲ ಪರದೇಶದ ಏರ್‌ಪೋರ್ಟಿನಲ್ಲಿ ನಿಂತರೆ ಏನೆಲ್ಲ ಆಗಬಹುದೆಂದು ನಮ್ಮ ನೆಂಟರು ಮೊದಲೇ ವಿವರವಾಗಿ ಹೇಳಿ ಕಳುಹಿಸಿದ್ದರು.

ಚೀಲ ತೆರೆದಾಗ ಹೊರಬಂದದ್ದು ನಾನು ಅಭ್ಯಾಸಕ್ಕೆಂದು ತಂದಿದ್ದ ಪ್ಲಾಸ್ಟಿಕ್ ದವಡೆ. ಮೇಲಿನದೂ ಕೆಳಗಿನದೂ ತಿರುಪಿನಿಂದ ಸೇರಿ, ಗುಲಾಬಿ ಒಸಡು, ಸಾಲಾಗಿ ಹಲ್ಲು. ಎರಡನೆಯವಳು ಎತ್ತಿದ ಕೂಡಲೆ ಅದು ಬಾಯಿ ತೆರೆಯಿತು. ಆ ಹೆಣ್ಣುಮಗಳು ಕೈಬಿಟ್ಟಳು. ದವಡೆ ಟ್ರೇಯ ಮೇಲೆ ಬಿದ್ದು ಒಂದು ದವಡೆಹಲ್ಲು ಹಾರಿ ಬೆಲ್ಟಿನ ಅಡಿಗೆ ಹೋಯಿತು.

"ನಾನು ಹಲ್ಲಿನ ಡಾಕ್ಟರು, ಪರೀಕ್ಷೆಗೆ ಹೋಗ್ತಿದ್ದೇನೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನಕ್ಕಳು. ನಗು ಪೂರ್ತಿಯಾಗುವ ಮೊದಲೇ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ಪ್ರಯಾಣದುದ್ದಕ್ಕೂ ಇದನ್ನು ಕಂಡೆ. ನನ್ನ ಕೆಲಸ ಏನೆಂದು ತಿಳಿದ ಕೂಡಲೆ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ನಮ್ಮೂರಿನಲ್ಲಿ ಇದಕ್ಕೆ ತದ್ವಿರುದ್ಧ. ಮದುವೆಯ ಊಟದ ಸಾಲಿನಲ್ಲೇ "ಇದೊಂದು ನೋಡಿ ಮಾರಾಯ್ರೆ" ಎಂದು ಬಾಯಿ ತೆರೆದುಬಿಡುತ್ತಾರೆ.

ಹಲ್ಲು ಸಿಗಲಿಲ್ಲ. ಹಿಂದಿನವರಿಗೆ ತಡವಾಗುತ್ತಿತ್ತು. ಒಂದು ಹಲ್ಲು ಕಡಿಮೆಯಾದ ದವಡೆಯನ್ನು ಚೀಲಕ್ಕೆ ತುರುಕಿ ಮುಂದೆ ಹೋದೆ.

ಮೊಯಿರಾ ಅವರ ಮನೆ

ಎಡಿನ್‌ಬರಾದಲ್ಲಿ ನಾನು ಉಳಿದುಕೊಂಡದ್ದು ಮೊಯಿರಾ ಎಂಬ ಹಿರಿಯ ಹೆಂಗಸು ನಡೆಸುವ ಅತಿಥಿಗೃಹದಲ್ಲಿ. ಕಪ್ಪು ಕಲ್ಲಿನ ಎತ್ತರದ ಮನೆ, ಕಿರಿದಾದ ಮೆಟ್ಟಿಲು. ಮಧ್ಯಾಹ್ನದ ಚಹಾ ಮುಗಿಯುವಷ್ಟರಲ್ಲಿ ಹೊರಗೆ ಕತ್ತಲಾಗುತ್ತಿತ್ತು. ನಮ್ಮಲ್ಲಿ ಶಾಲೆಯ ಮಕ್ಕಳು ಬಸ್ಸಿಳಿಯುವ ಹೊತ್ತಿಗೆ ಅಲ್ಲಿ ಬೀದಿದೀಪ ಹೊತ್ತಿರುತ್ತದೆ. ಮುಸ್ಸಂಜೆಯ ಮಗ್ರಿಬ್ ನಮಾಜಿಗೆ ಅಷ್ಟು ಬೇಗ ಹೊತ್ತಾಗುವುದನ್ನು ನನ್ನ ಮನಸ್ಸು ಒಪ್ಪಲೇ ಇಲ್ಲ. ಪ್ರತಿದಿನ ಏನೋ ಕೆಟ್ಟದ್ದು ಆಗಲಿದೆ ಎಂಬಂತೆ ಆ ಕತ್ತಲು ಬರುತ್ತಿತ್ತು.

ಅಲ್ಲಿಯ ಬಚ್ಚಲಿನಲ್ಲಿ ಚೊಂಬು ಇಲ್ಲ, ಮಗ್ ಇಲ್ಲ, ಕಾಗದ ಮಾತ್ರ. ಹುಡುಕಿದಾಗ ಹೊರಗಿನ ಕಿಟಕಿಯ ಬಳಿ ಹೂಕುಂಡಗಳಿಗೆ ನೀರು ಹಾಕುವ ಸಣ್ಣ ಹಸಿರು ಕ್ಯಾನ್ ಕಂಡಿತು. ಅದನ್ನೇ ಒಳಗೆ ಕೊಂಡುಹೋಗತೊಡಗಿದೆ. ಎರಡನೆಯ ದಿನ ಬೆಳಿಗ್ಗೆ ಕ್ಯಾನ್ ಹಿಡಿದು ಬರುತ್ತಿದ್ದಾಗ ಮೊಯಿರಾ ಎದುರಾದರು. "ನನ್ನ ಗಿಡಗಳನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಿ" ಎಂದು ನನ್ನ ಭುಜ ಸವರಿದರು. ಆಮೇಲೆ ಪ್ರತಿ ಸಲವೂ ಗಿಡಗಳಿಗೂ ನೀರು ಹಾಕಲೇಬೇಕಾಯಿತು.

ಅಲ್ಲಿಯವರು ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಧನ್ಯವಾದ ಹೇಳುತ್ತಾರೆ. ಒಬ್ಬರಲ್ಲ, ಎಲ್ಲರೂ. "ಬೇಗ ಇಳಿಯಿರಿ, ಬೇಗ" ಎಂದು ಬಸ್ಸಿನ ಬದಿಗೆ ಬಡಿಯುವ ಕಂಡಕ್ಟರರ ನಾಡಿನಿಂದ ಹೋದ ನನಗೆ ಮೊದಲ ದಿನ ಬಾಯಿ ಬರಲಿಲ್ಲ. ಎರಡನೆಯ ದಿನ ಹೇಳಿದೆ, ಆದರೆ ಹತ್ತುವಾಗ ಹೇಳಿದೆ.

ಅದೇ ಮನೆಯಲ್ಲಿ ಇನ್ನೊಬ್ಬ ಅಭ್ಯರ್ಥಿ ಇದ್ದರು. ಸುಡಾನ್ ದೇಶದ ಡಾಕ್ಟರ್ ಹಾಶಿಂ, ಐವತ್ತರ ಆಸುಪಾಸಿನವರು. ಖಾರ್ಟೂಮಿನಲ್ಲಿ ಅವರ ಕ್ಲಿನಿಕ್ ಇತ್ತು. ಯುದ್ಧ ಬಂದಾಗ ಬಾಗಿಲು ಹಾಕಿ ಹೆಂಡತಿ ಮಕ್ಕಳೊಂದಿಗೆ ಕೈರೋಕ್ಕೆ ಹೋಗಿದ್ದರಂತೆ. ಹೊಸ ದೇಶದಲ್ಲಿ ಕೆಲಸ ಸಿಗಬೇಕಾದರೆ ಈ ಪರೀಕ್ಷೆ ಸಹಾಯಕ್ಕೆ ಬರುತ್ತದೆ ಎಂದು ಬಂದವರು. ಬೆಳಗಿನ ತಿಂಡಿಗೆ ಮೊಯಿರಾ ಇಟ್ಟ ಹಂದಿಮಾಂಸದ ತಟ್ಟೆಯನ್ನು ಇಬ್ಬರೂ ಒಂದೇ ಸಮಯಕ್ಕೆ ಬದಿಗೆ ಸರಿಸಿದಾಗ ಪರಿಚಯವಾಯಿತು.

"ನಿಮಗೆ ಹೆದರಿಕೆ ಆಗ್ತಿಲ್ಲವಾ?" ಎಂದು ನಾನು ಕೇಳಿದೆ. ಅವರು ಬ್ರೆಡ್ಡಿಗೆ ಜಾಮ್ ಸವರುತ್ತಾ, "ಆಗುತ್ತಿದೆ. ಎರಡು ಸಲ ವಾಂತಿ ಮಾಡಿದೆ" ಎಂದರು, ಹವಾಮಾನದ ವಿಷಯ ಹೇಳಿದ ಹಾಗೆ. ಅಷ್ಟು ದೂರ ಬಂದ ಮೇಲೆ ಅದೊಂದು ಮಾತಿನಿಂದ ನನಗೆ ಸಮಾಧಾನವಾಯಿತು.

ಒಂದು ಗಂಟೆಯ ಫಿರಂಗಿ

ಪರೀಕ್ಷೆಯ ಹಿಂದಿನ ದಿನ ಸ್ಥಳ ನೋಡಿಕೊಂಡು ಬರೋಣವೆಂದು ಹೊರಟೆ. ಗಾಳಿ ಕೊಡೆಯನ್ನು ಎರಡೇ ಹೆಜ್ಜೆಗೆ ಮೇಲುಕೆಳಗು ಮಾಡಿತು. ಸುತ್ತ ನೋಡಿದರೆ ಆ ಮಳೆಯಲ್ಲಿ ಕೊಡೆ ಹಿಡಿದವಳು ನಾನೊಬ್ಬಳೇ. ಉಳಿದವರೆಲ್ಲ ಟೋಪಿ ಎಳೆದುಕೊಂಡು ತಲೆ ತಗ್ಗಿಸಿ ಗೂಳಿಗಳ ಹಾಗೆ ನಡೆಯುತ್ತಿದ್ದರು.

ಕೋಟೆಯ ಕೆಳಗಿನ ರಸ್ತೆಯಲ್ಲಿ ಹೋಗುತ್ತಿದ್ದಾಗ ತಲೆಯ ಮೇಲೆಯೇ ಎಂಬಂತೆ ಢಂ ಎಂದಿತು. ನಾನು ಅಂಗಡಿಯೊಂದರ ಗೋಡೆಗೆ ಒರಗಿ ಕುಕ್ಕರಿಸಿಬಿಟ್ಟೆ. ಕಡಬದಲ್ಲಿ ಒಮ್ಮೆ ಹಲ್ಲಿನ ತಪಾಸಣೆಯ ಕ್ಯಾಂಪಿಗೆ ಹೋಗಿ ಪರಿಚಯದವರ ಮನೆಯಲ್ಲಿ ಉಳಿದಿದ್ದೆ. ರಬ್ಬರ್ ತೋಟಕ್ಕೆ ಆನೆ ಬಂದಿದೆ ಎಂದು ಅಲ್ಲಿಯವರು ಗರ್ನಾಲು ಪಟಾಕಿ ಸಿಡಿಸಿದ್ದರು. ಅಂಥ ಸದ್ದು ಕೇಳಿದರೆ ಓಡಬೇಕಾದದ್ದು ಯಾವ ಕಡೆಗೆ ಎಂದು ಮೊದಲು ನೋಡಬೇಕು ಅಂತ ಆ ಮನೆಯವರು ಕಲಿಸಿದ್ದರು. ಇಲ್ಲಿ ಯಾರೂ ಓಡಲಿಲ್ಲ. ಒಬ್ಬ ಮುದುಕರು ನಿಂತು ಕೈಗಡಿಯಾರ ಸರಿ ಮಾಡಿಕೊಂಡರು. ನನ್ನನ್ನು ನೋಡಿ, "ಫಿರಂಗಿ ಅಷ್ಟೇ. ಮಧ್ಯಾಹ್ನ ಒಂದು ಗಂಟೆಗೆ ಹೊಡೆಯುತ್ತಾರೆ, ಹೊತ್ತು ಗೊತ್ತಾಗಲಿ ಅಂತ" ಎಂದು ಕೈಕೊಟ್ಟು ಎಬ್ಬಿಸಿದರು.

ಅವರು ಅತ್ತ ಹೋದದ್ದೇ ಫೋನ್ ಬಂತು. ಮಂಗಳೂರಿನ ಲ್ಯಾಬಿನಲ್ಲಿರುವ ನನ್ನ ಸಹಪಾಠಿ. ಹೊರಡುವ ವಾರ ನಾನು ಮರ್ಕಂಜದ ವಾರಿಜಕ್ಕನ ನಾಲಗೆಯ ಬದಿಯಲ್ಲಿದ್ದ ಒಣಗದ ಹುಣ್ಣಿನಿಂದ ಚೂರು ತೆಗೆದು ಅವಳಿಗೆ ಕಳುಹಿಸಿದ್ದೆ. "ನೀನು ಹೆದರಿದ್ದೇ ಆಯ್ತು. ಕ್ಯಾನ್ಸರ್. ಆದರೆ ಬೇಗ ಸಿಕ್ಕಿದೆ, ಕತ್ತರಿಸಿ ತೆಗೆದರೆ ಒಳ್ಳೆದಾಗುವ ಹಾಗೆ ಉಂಟು. ತಡ ಮಾಡ್ಬೇಡ" ಎಂದಳು.

ವಾರಿಜಕ್ಕ ಗೌಡರ ಪೈಕಿ, ಮನೆಯಲ್ಲಿ ಅರೆಭಾಷೆ, ನನ್ನ ಹತ್ತಿರ ಕನ್ನಡ. ಮಗಳನ್ನು ಸವಣೂರಿಗೆ ಕೊಟ್ಟದ್ದರಿಂದ ಹಲ್ಲಿಗೆ ನನ್ನಲ್ಲಿಗೇ ಬರುತ್ತಿದ್ದರು. ಬಾಯಿಯಲ್ಲಿ ಎಲೆಯಡಿಕೆ ಇಲ್ಲದ ವಾರಿಜಕ್ಕನನ್ನು ನಾನು ನೋಡಿಯೇ ಇರಲಿಲ್ಲ. ಮಗ ದಿನೇಶನಿಗೆ ಅಲ್ಲೇ ನಿಂತು ಫೋನ್ ಮಾಡಿದೆ. ಅವನಿಗೆ ವಿಷಯ ಹೇಳಿದೆ.

"ಮೇಡಂ, ಅಮ್ಮನಿಗೆ ಹೇಳುದು ಬೇಡ" ಎಂದ. "ಹುಣ್ಣಿಗೆ ಸಣ್ಣ ಆಪರೇಶನ್ ಅಂತ ಹೇಳುವ. ಗೊತ್ತಾದ್ರೆ ಅಮ್ಮ ಅರ್ಧ ಅಲ್ಲೇ ಹೋಗ್ತಾರೆ."

"ಆಯ್ತು" ಎಂದೆ. ಮಂಗಳೂರಿನ ಸರ್ಜನರ ಹೆಸರು ಹೇಳಿ, ಬೇಗ ದಿನ ಗೊತ್ತುಮಾಡಲು ಹೇಳಿದೆ. ನಮ್ಮಲ್ಲಿ ಹಾಗೆಯೇ. ಅಪ್ಪನದಾದರೆ ಮಗನಿಗೆ ಹೇಳುತ್ತೇವೆ, ಹೆಂಡತಿಯದಾದರೆ ಗಂಡನಿಗೆ. ರೋಗಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಒಳಗೆ ಅವರ ಬಗ್ಗೆ ಮಾತಾಡುತ್ತೇವೆ. ನನಗೂ ಬೇರೆ ರೀತಿ ಗೊತ್ತಿರಲಿಲ್ಲ.

ಆ ದಿನ ಸಂಜೆ ಮೊಯಿರಾ ಅವರ ಊಟದ ಮೇಜಿನಲ್ಲಿ ಹಾಶಿಂ ಮತ್ತು ನಾನು ಅಭ್ಯಾಸ ಮಾಡಿದೆವು. ಒಬ್ಬರು ಡಾಕ್ಟರು, ಒಬ್ಬರು ರೋಗಿ. ಕೆಟ್ಟ ಸುದ್ದಿ ಹೇಳುವ ಪ್ರಶ್ನೆ ಬಂದೇ ಬರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಅವರು ರೋಗಿಯಾಗಿ ನನ್ನೆದುರು ಕುಳಿತರು. ನಾನು ಗಂಟಲು ಸರಿಮಾಡಿಕೊಂಡೆ. ಇನ್ನೊಮ್ಮೆ ಸರಿಮಾಡಿಕೊಂಡೆ.

"ನಿಮ್ಮ ಊರಿನಲ್ಲಿ ಯಾರಿಗೆ ಹೇಳುತ್ತೀರಿ?" ಎಂದು ಹಾಶಿಂ ಪಾತ್ರ ಬಿಟ್ಟು ಕೇಳಿದರು.

"ಮಗನಿಗೆ."

"ನಾವೂ ಮಗನಿಗೇ" ಎಂದು ತಲೆಯಾಡಿಸಿದರು. "ನಾಳೆ ಅಲ್ಲಿ ಮಗ ಇರುವುದಿಲ್ಲ."

ಇಂಗ್ಲಿಷ್ ವಾಕ್ಯಗಳು ಬಾಯಿಪಾಠವಾಗಿದ್ದವು. ಆದರೆ ಒಬ್ಬ ಮನುಷ್ಯನ ಮುಖ ನೋಡಿ ಆ ಮಾತನ್ನು ಯಾವ ಭಾಷೆಯಲ್ಲೂ ನಾನು ಹೇಳಿದವಳಲ್ಲ.

ಬಾಗಿಲುಗಳ ಓಣಿ

ಪರೀಕ್ಷೆ ನಡೆದದ್ದು ಉದ್ದನೆಯ ಒಂದು ಕಾರಿಡಾರಿನಲ್ಲಿ. ಎರಡೂ ಬದಿ ಮುಚ್ಚಿದ ಬಾಗಿಲುಗಳು, ಪ್ರತಿ ಬಾಗಿಲಿನ ಹೊರಗೆ ಒಂದು ಕುರ್ಚಿ, ಗೋಡೆಗೆ ಅಂಟಿಸಿದ ಕಾಗದ. ಕಾಗದ ಓದಬೇಕು. ಗಂಟೆ ಹೊಡೆದಾಗ ಒಳಗೆ ಹೋಗಬೇಕು. ಅಲ್ಲಿ ಹೇಳಿದ್ದನ್ನು ಮಾಡಬೇಕು. ಮತ್ತೆ ಗಂಟೆ ಹೊಡೆದರೆ ಅರ್ಧದಲ್ಲಿದ್ದರೂ ಹೊರಬಂದು ಮುಂದಿನ ಬಾಗಿಲಿಗೆ ಹೋಗಬೇಕು.

ಮೊಣಕೈವರೆಗೆ ಕೈ ಬರಿದಾಗಿರಬೇಕು ಎಂಬ ನಿಯಮ ಓದಿದಂದಿನಿಂದ, ಪರರೆದುರು ತೋಳು ತೋರಿಸದ ನನಗೆ ಅದೂ ಒಂದು ಚಿಂತೆಯಾಗಿತ್ತು. ಹೇಗೆ ಕೇಳುವುದು, ಯಾರನ್ನು ಕೇಳುವುದು ಎಂದು ಒದ್ದಾಡಿದ್ದೆ. ಬಾಗಿಲಲ್ಲಿದ್ದ ಹೆಂಗಸು ನನ್ನ ತಲೆವಸ್ತ್ರ ನೋಡಿ, ನಾನು ಬಾಯಿ ತೆರೆಯುವ ಮೊದಲೇ, ಒಮ್ಮೆ ಹಾಕಿ ಎಸೆಯುವ ತೋಳಿನ ಕವಚಗಳನ್ನು ಕೈಗೆ ಕೊಟ್ಟರು. ಅಷ್ಟೇ ಆಗಿತ್ತು ಆ ದೊಡ್ಡ ಸಮಸ್ಯೆ.

ಹೆದರಿದವರ ಬಾಯಿ ಒಣಗುತ್ತದೆ. ದಿನವೂ ಬೇರೆಯವರ ಬಾಯಿಯಲ್ಲಿ ಕಾಣುವ ವಿಷಯ. ಆ ದಿನ ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಮೊದಲ ಕೋಣೆಯಲ್ಲಿ ಪ್ಲಾಸ್ಟಿಕ್ ತಲೆಯೊಂದರ ಹಲ್ಲು ಕೊರೆಯುವಾಗ ಕಿರುಬೆರಳನ್ನು ಪಕ್ಕದ ಹಲ್ಲಿಗೆ ಒತ್ತಿ ಕೈಯನ್ನು ನಿಲ್ಲಿಸಿಕೊಂಡೆ. ಪರೀಕ್ಷಕರು ಬಗ್ಗಿ ನೋಡಿದರು. ಅವರ ಮುಖ ಪುತ್ತೂರು ಬಸ್‌ಸ್ಟ್ಯಾಂಡಿನ ವಿಚಾರಣೆ ಕೌಂಟರಿನವರ ಮುಖದ ಹಾಗೆ, ಏನೂ ಗೊತ್ತಾಗುವಂತಿರಲಿಲ್ಲ.

ಇನ್ನೊಂದು ಕೋಣೆಯಲ್ಲಿ ನೆಲದ ಮೇಲೆ ಒಂದು ಬೊಂಬೆ. ಚಿಕಿತ್ಸೆಯ ನಡುವೆ ಕುಸಿದ ರೋಗಿ ಎಂದು ಕಾಗದದಲ್ಲಿತ್ತು. ಮೊದಲು ಸಹಾಯಕ್ಕೆ ಕೂಗಬೇಕು, ಆಮೇಲೆ ಎದೆ ಒತ್ತಬೇಕು. ಮಂಡಿಯೂರಿದೆ. ಕೂಗಬೇಕಾದ ಇಂಗ್ಲಿಷ್ ಮಾತು ತಲೆಯಿಂದ ಒರೆಸಿಹೋಗಿತ್ತು. ಹೊರಗೆ ಬಂದದ್ದು, "ಯಾರಾದ್ರೂ ಬೇಗ ಬನ್ನಿ ಮಾರಾಯ್ರೆ."

ಪರೀಕ್ಷಕಿ ತಮ್ಮ ಹಾಳೆಯಿಂದ ತಲೆಯೆತ್ತಿ, "ಅದನ್ನು ಸಹಾಯದ ಕೂಗು ಎಂದೇ ತಿಳಿಯುತ್ತೇನೆ" ಎಂದರು. ನಾನು ಎದೆ ಒತ್ತತೊಡಗಿದೆ. ಆ ಕೋಣೆಯಿಂದ ಹೊರಬರುವಾಗ ಅಪಾಯಕಾರಿ ಎಂದು ಬರೆಸಿಕೊಂಡಾಯಿತು ಅನ್ನಿಸಿತು. ಎದುರಿನ ಕುರ್ಚಿಯಿಂದ ಏಳುತ್ತಿದ್ದ ಹಾಶಿಂ ಕಂಡರು. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಾತಾಡುವಂತಿರಲಿಲ್ಲ.

ಮುಂದಿನ ಬಾಗಿಲಿನ ಕಾಗದದಲ್ಲಿ ನಾನು ಕಾಯುತ್ತಿದ್ದದ್ದೇ ಇತ್ತು. ರೋಗಿಯ ಬಾಯಿಯ ಹುಣ್ಣಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂದಿದೆ. ಅವರಿಗೆ ತಿಳಿಸಿ.

ಒಳಗೆ ಕುಳಿತಿದ್ದವರು ನಟಿ ಎಂದು ಗೊತ್ತಿತ್ತು. ಗೊತ್ತಿದ್ದೂ ಅವರು ರೋಗಿಯಾಗಿಯೇ ಕಂಡರು. ನರೆತ ಕೂದಲು, ಬೂದು ಸ್ವೆಟರ್, ಮಡಿಲಲ್ಲಿ ಎರಡೂ ಕೈಯಿಂದ ಹಿಡಿದ ಚೀಲ. ಚೀಲ ಹಿಡಿದ ಬೆರಳುಗಳ ಗೆಣ್ಣು ಬೆಳ್ಳಗಿತ್ತು. ನಾನು ಕುಳಿತೆ. ಬಾಯಿಪಾಠ ಮಾಡಿದ ಮೊದಲ ವಾಕ್ಯದ ಬದಲು ನನ್ನ ಬಾಯಿಂದ ಬಂದದ್ದು ಸವಣೂರಿನ ಪ್ರಶ್ನೆ: "ನಿಮ್ಮ ಜೊತೆ ಯಾರು ಬಂದಿದ್ದಾರೆ?"

"ಮಗ ಬಂದಿದ್ದಾನೆ, ಹೊರಗಿದ್ದಾನೆ" ಎಂದರು ಆಕೆ.

ನಿಜ ಹೇಳುತ್ತೇನೆ, ನನಗೆ ಬದುಕಿದೆ ಅನ್ನಿಸಿತು. "ಅವರನ್ನು ಕರೆಯೋಣವೇ?" ಎಂದೆ.

"ಬೇಡ" ಎಂದರು. "ಏನಿದ್ದರೂ ನನಗೆ ಹೇಳಿ. ಅವನಿಗೆ ಹೇಳಬೇಡಿ. ಯಾವಾಗ ಹೇಳಬೇಕೆಂದು ನಾನು ನೋಡಿಕೊಳ್ಳುತ್ತೇನೆ. ಇದು ನನ್ನ ಬಾಯಿ."

ನಿಮಿಷಗಳು ಹೋಗುತ್ತಿವೆ ಎಂಬ ಅರಿವಿತ್ತು. ನನ್ನ ಕಣ್ಣೆದುರು ಆ ನಟಿ ಇರಲಿಲ್ಲ. ಹೊರಗಿನ ಬೆಂಚಿನಲ್ಲಿ ನಾನು ಕೂರಿಸಿದ್ದ ಎಷ್ಟೋ ಜನ ಇದ್ದರು. 'ನಿಮಗೆ ತಿಳಿಯಬೇಕೋ ಬೇಡವೋ, ಯಾರು ಜೊತೆಗಿರಬೇಕು' ಎಂದು ಅವರಲ್ಲಿ ಒಬ್ಬರನ್ನೂ ನಾನು ಕೇಳಿರಲಿಲ್ಲ. ಕೇಳಬೇಕು ಎಂದೇ ಹೊಳೆದಿರಲಿಲ್ಲ.

ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡೆ. "ಆಯ್ತು, ನಿಮಗೇ ಹೇಳುತ್ತೇನೆ. ಒಳ್ಳೆಯ ಸುದ್ದಿ ಅಲ್ಲ" ಎಂದೆ. ಆಮೇಲೆ ಹೇಳಿದೆ. ಆ ಪದವನ್ನೇ ಬಳಸಿದೆ, ಗಡ್ಡೆ, ಹುಣ್ಣು ಎಂದು ಸುತ್ತಿ ಬಳಸಿ ಹೇಳಲಿಲ್ಲ. ಆಕೆಯ ಕಣ್ಣು ತುಂಬಿತು. ಮಾತು ಮುಂದುವರಿಸಬಾರದು, ಕಾಯಬೇಕು ಎಂದು ಓದಿದ್ದೆ. ಆಕೆ ಕಣ್ಣೊರೆಸಿಕೊಂಡ ಮೇಲೆ ಮುಂದಿನ ಮಾತು ತೆಗೆದೆ. ಗಂಟೆ ಹೊಡೆಯಿತು. ಮುಂದೆ ಏನು ಚಿಕಿತ್ಸೆ ಎಂದು ಅರ್ಧವೇ ಹೇಳಿದ್ದೆ. ಪರೀಕ್ಷಕರು ಬಾಗಿಲು ತೋರಿಸಿದರು.

ವೇವರ್ಲಿ ಸ್ಟೇಷನ್ನಿನ ಮೆಟ್ಟಿಲು

ಪರೀಕ್ಷೆ ಮುಗಿದ ಮೇಲೆ ಹಾಶಿಂ ಮತ್ತು ನಾನು ರೈಲ್ವೆ ಸ್ಟೇಷನ್ನಿನ ಪಕ್ಕದ ಉದ್ದನೆಯ ಮೆಟ್ಟಿಲ ಬುಡದಲ್ಲಿ ಗಾಳಿಗೆ ಮರೆಯಾಗಿ ನಿಂತು ಚಹಾ ಕುಡಿದೆವು. "ಬೊಂಬೆಯ ಉಸಿರು ನೋಡುವುದನ್ನೇ ಮರೆತೆ" ಎಂದರು ಅವರು. ಉಳಿದ ಚಹಾ ಚೆಲ್ಲಿ ಕಾಗದದ ಲೋಟವನ್ನು ಮುದುಡಿದರು.

ಸ್ವಲ್ಪ ದೂರ ಹೋಗಿ ದಿನೇಶನಿಗೆ ಫೋನ್ ಮಾಡಿದೆ. "ದಿನೇಶ, ನಾನು ಊರಿಗೆ ಬಂದ ಮೇಲೆ ಅಮ್ಮನ ಹತ್ತಿರ ನಾನೇ ಮಾತಾಡ್ತೇನೆ. ಅವರಿಗೆ ಏನು ತಿಳಿಯಬೇಕು ಅಂತ ಅವರನ್ನೇ ಕೇಳ್ತೇನೆ."

"ನಿನ್ನೆ ಆಯ್ತು ಅಂತ ಹೇಳಿದ್ರಲ್ಲ?"

"ಹೇಳಿದ್ದೆ. ಅದು ಸರಿ ಅಲ್ಲ."

"ಪರೀಕ್ಷೆ ಬರೆದ ಕೂಡ್ಲೆ ಬೇರೆ ಬುದ್ಧಿ ಬಂತಾ ಮೇಡಂ?" ಅವನ ದನಿ ಏರಿತು. "ನಿಮಗೆಂತ, ಹೇಳಿ ಕಳಿಸ್ತೀರಿ. ಮನೆಗೆ ಬಂದ ಮೇಲೆ ನೋಡುದು ನಾವು. ಅಮ್ಮ ಆಪರೇಶನ್ನೇ ಬೇಡ ಅಂತ ಹೇಳಿದ್ರೆ ಎಂತ ಮಾಡುದು?"

ಹಾಗೆ ಆಗುವ ಸಾಧ್ಯತೆ ಇತ್ತು. ಹೇಳಿದ ಕಾರಣಕ್ಕೇ ಅವರು ಚಿಕಿತ್ಸೆ ಬಿಟ್ಟರೆ, ಬದುಕಬೇಕಾದವರು ಬದುಕದೆ ಹೋದರೆ, ಅದು ನನ್ನ ಮೇಲೆಯೇ ಬರುತ್ತದೆ. ಇದರ ಮುಂದೆ ಆ ಬಾಗಿಲುಗಳ ಕಾರಿಡಾರಿನ ಹೆದರಿಕೆ ಮಕ್ಕಳ ಹೆದರಿಕೆಯಾಗಿತ್ತು.

"ಸರ್ಜನರ ಹತ್ತಿರ ದಿನ ಗೊತ್ತು ಮಾಡಿದ್ದೀಯಲ್ಲ, ಅದನ್ನು ಬದಲಿಸ್ಬೇಡ" ಎಂದಷ್ಟೇ ಹೇಳಿದೆ. ಅವನು ಫೋನ್ ಇಟ್ಟ.

ಮರುದಿನ ಹೊರಡುವಾಗ ಮೊಯಿರಾ ಬಾಗಿಲವರೆಗೆ ಬಂದರು. ಗಿಡ ನೋಡಿಕೊಂಡದ್ದಕ್ಕೆ ಇನ್ನೊಮ್ಮೆ ಉಪಕಾರ ಹೇಳಿದರು. ನಾನು ಸತ್ಯ ಹೇಳದೆ ತಲೆಯಾಡಿಸಿದೆ. ಕೆಲವರಿಗೆ ಕೆಲವು ವಿಷಯ ಗೊತ್ತಾಗದಿದ್ದರೆ ತೊಂದರೆಯಿಲ್ಲ.

ಸವಣೂರು

ಫಲಿತಾಂಶ ಬಂದದ್ದು ಕೆಲವು ವಾರಗಳ ನಂತರ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಪಾಸಾದೆ. ಹಾಶಿಂ ಆಗಲಿಲ್ಲ. ಅವರೇ ಕೈರೋದಿಂದ ಫೋನ್ ಮಾಡಿ ಮೊದಲು ನನ್ನದು ಕೇಳಿ, ಸಂತೋಷಪಟ್ಟು, ಆಮೇಲೆ ತಮ್ಮದು ಹೇಳಿದರು. ಇನ್ನೊಮ್ಮೆ ಕಟ್ಟುತ್ತಾರಂತೆ. ಬೇಕಾದವರಿಗೆ ಸಿಗದೆ ನನಗೆ ಸಿಕ್ಕಿತು ಎಂದು ಆ ದಿನ ಹಮೀದ್ ತಂದ ಸಿಹಿ ತಿನ್ನಲು ನನಗೆ ಮನಸ್ಸಾಗಲಿಲ್ಲ.

ವಾರಿಜಕ್ಕ ಕ್ಲಿನಿಕ್ಕಿಗೆ ಬಂದದ್ದು ನಾನು ಊರು ಮುಟ್ಟಿದ ಮರುದಿನ ಬೆಳಿಗ್ಗೆ. ದಿನೇಶ ಬೈಕಿನಲ್ಲಿ ಕರೆದುಕೊಂಡು ಬಂದಿದ್ದ. ನನ್ನ ಮುಖ ನೋಡಲಿಲ್ಲ. ನಾನು ವಾರಿಜಕ್ಕನನ್ನು ಒಳಗೆ ಕರೆದೆ. ಅವನನ್ನು ಬೆಂಚಿನಲ್ಲಿ ಕೂರಲು ಹೇಳಿದೆ. ಅವನು ಕೂರಲಿಲ್ಲ, ಬೈಕಿನ ಹತ್ತಿರ ಹೋಗಿ ನಿಂತ.

ವಾರಿಜಕ್ಕ ಅಭ್ಯಾಸದಂತೆ ಹಲ್ಲಿನ ಕುರ್ಚಿ ಹತ್ತಲು ಹೋದರು. "ಅದು ಬೇಡ, ಇಲ್ಲಿ ಕೂತ್ಕೊಳ್ಳಿ" ಎಂದು ನನ್ನ ಪಕ್ಕದ ಸ್ಟೂಲು ತೋರಿಸಿದೆ. ಬಾಯಿ ಒಣಗಿತ್ತು. ಎಡಿನ್‌ಬರಾದಲ್ಲಿ ಒಣಗಿದ್ದಕ್ಕಿಂತ ಹೆಚ್ಚು.

"ವಾರಿಜಕ್ಕ, ಹುಣ್ಣಿನ ಚೂರು ಕಳಿಸಿದ್ದೆವಲ್ಲ, ಅದು ಎಂತದು ಅಂತ ಗೊತ್ತಾಗಿದೆ. ನಿಮಗೆ ಹೇಳ್ಬೇಕಾ, ಅಲ್ಲ ಮನೆಯವರಿಗೆ ಹೇಳಿದ್ರೆ ಸಾಕಾ? ನಿಮಗೆ ಹೇಗೆ ಬೇಕೋ ಹಾಗೆ."

ಅವರು ಸೆರಗಿನ ಅಂಚಿನಿಂದ ತುಟಿ ಒರೆಸಿಕೊಂಡರು. "ನನ್ನ ಬಾಯಿದು ನನಗೆ ಹೇಳದೆ ಮತ್ತೆ ಯಾರಿಗೆ ಹೇಳುದು ಡಾಕ್ಟ್ರೆ?"

ಹೇಳಿದೆ. ಕನ್ನಡದಲ್ಲಿ ಹೇಳುವುದು ಇಂಗ್ಲಿಷಿಗಿಂತ ಕಷ್ಟವಾಯಿತು, ಏಕೆಂದರೆ ಕನ್ನಡದಲ್ಲಿ ಹೇಳಿದರೆ ಅದು ನಿಜ. ಅವರು ಕೂಗಲಿಲ್ಲ, ಅಳಲಿಲ್ಲ. ನೆಲ ನೋಡುತ್ತಾ ಕುಳಿತರು. ನಾನು ಕಾದೆ. ಆ ಹೊತ್ತಿನಲ್ಲಿ ಅವರು ಎದ್ದು ನಡೆದುಬಿಡುತ್ತಾರೆ, ಇನ್ನು ಯಾವ ಆಸ್ಪತ್ರೆಗೂ ಹೋಗುವುದಿಲ್ಲ ಎಂದು ನನಗೆ ಖಚಿತವಾಗಿಬಿಟ್ಟಿತ್ತು.

"ನಾಲಗೆ ಪೂರ ತೆಗಿಲಿಕ್ಕುಂಟಾ?" ಎಂದು ಕೊನೆಗೆ ಕೇಳಿದರು.

"ಇಲ್ಲ. ಬದಿಯ ಒಂದು ತುಂಡು. ಕುತ್ತಿಗೆಯಲ್ಲೂ ಸ್ವಲ್ಪ ನೋಡ್ತಾರೆ. ಮಾತು ಸ್ವಲ್ಪ ದಿನ ತೊದಲಬಹುದು."

"ಎಲೆ ಹಾಕುದು?"

"ಅದು ಇನ್ನು ಇಲ್ಲ."

ಇದಕ್ಕೆ ಮಾತ್ರ ಅವರ ಮುಖ ಬಾಡಿತು. ಆಮೇಲೆ, "ದಿನೇಶನಿಗೆ ಯಾರು ಹೇಳುದು?" ಎಂದರು.

"ಅವನಿಗೆ ಗೊತ್ತುಂಟು. ನಾನು ಅಲ್ಲಿಂದಲೇ ಫೋನ್ ಮಾಡಿ ಹೇಳಿದ್ದೆ. ನಿಮಗೆ ಮೊದಲು ಹೇಳ್ಬೇಕಿತ್ತು."

ವಾರಿಜಕ್ಕ ನನ್ನನ್ನು ನೇರವಾಗಿ ನೋಡಿದರು. ಸಿಟ್ಟು ಬಂದಿತ್ತು. "ಅಷ್ಟು ದಿನ ಅವನೊಬ್ಬನೇ ಇಟ್ಕೊಂಡಿದ್ದನಾ?" ಎಂದರು. "ಅದಕ್ಕೇ ಅವನಿಗೆ ಊಟ ಸೇರದ್ದು. ಮೊನ್ನೆ ಬೆಳ್ಳಾರೆಗೆ ಬೈಕಿನಲ್ಲಿ ಹೋಗುವಾಗ ಹಿಂದೆ ಕೂತವಳಿಗೆ ಅವನ ಬೆನ್ನು ನಡುಗುದು ಗೊತ್ತಾಯ್ತು. ಕೇಳಿದ್ರೆ ಚಳಿ ಅಂತ ಹೇಳಿದ. ಬಿಸಿಲು ಸುಡ್ತಿತ್ತು. ಹೆಂಡತಿ ಹತ್ತಿರ ಜಗಳವೋ ಏನೋ ಅಂತ ನಾನು ಎಣಿಸಿದೆ."

ಅವರು ಎದ್ದರು. ಬಾಗಿಲಿಗೆ ಹೋಗಿ ಪರದೆ ಸರಿಸಿದರು. ಮಗ ರಸ್ತೆಯ ಆಚೆ ನಮಗೆ ಬೆನ್ನು ಹಾಕಿ ನಿಂತಿದ್ದ.

"ದಿನೇಶ, ಒಳಗೆ ಬಾ" ಎಂದು ಕರೆದರು ವಾರಿಜಕ್ಕ. "ಡಾಕ್ಟ್ರು ನನಗೆ ಎಲ್ಲ ಹೇಳಿದ್ರು. ಅಳುದಾದ್ರೆ ಇಲ್ಲಿ ನನ್ನ ಹತ್ತಿರ ಕೂತು ಅಳು. ಬೈಕ್ ಓಡಿಸುವಾ‌ಗ ಬೇಡ."